ಅದೇ ಹಳೇ ದರಿದ್ರ, ಪಾನಿ

ಡಬ್, ಡಬ್, ಡಬ್. ನಡುವೆ ಸಣ್ಣದೊಂದು ಬಿಡುವು, ಮಾಂಸದ ತುಂಡನ್ನು ಮಗುಚಿ ಹಾಕುವಷ್ಟು. ಮತ್ತೆ ಡಬ್, ಡಬ್.

ಕುವೈತಿನ ಹವಲ್ಲಿಯ ನಮ್ಮ ಹಳೇ ಬಿಲ್ಡಿಂಗಿನಲ್ಲಿ ಶುಕ್ರವಾರ ಬೆಳಿಗ್ಗೆ ಕೆಳಗಿನ ಫ್ಲಾಟಿನ ಅಡುಗೆಮನೆಯಿಂದ ಏರ್ ಶಾಫ್ಟ್ ಹಿಡಿದು ಮೇಲೆ ಬರುತ್ತಿದ್ದ ಸದ್ದು ಅದು. ಮರದ ಸುತ್ತಿಗೆಯಲ್ಲಿ ಕೋಳಿಯ ಎದೆಮಾಂಸವನ್ನು ಬಡಿದೂ ಬಡಿದೂ ತೆಳ್ಳಗೆ ಮಾಡಿ, ಮೊಟ್ಟೆಯಲ್ಲಿ ಅದ್ದಿ, ಬ್ರೆಡ್ ಪುಡಿಯಲ್ಲಿ ಹೊರಳಿಸಿ ಕರಿಯುವ ಕಟ್ಲೆಟ್. ಅವಳ ಊರಲ್ಲಾದರೆ ಹಂದಿಯದ್ದಂತೆ, ಇಲ್ಲಿ ಅದರ ಹೆಸರೆತ್ತುವ ಹಾಗಿಲ್ಲವಲ್ಲ. ಬಡಿಯುವವಳು ಪೋಲೆಂಡಿನವಳು. ಅಲ್ಲಿಗೆ ಮೆಡಿಸಿನ್ ಓದಲು ಹೋಗಿದ್ದ ಅರಬ್ ಡಾಕ್ಟರೊಬ್ಬರನ್ನು ಮದುವೆಯಾಗಿ ಎಳೇ ಪ್ರಾಯದಲ್ಲೇ ಕುವೈತಿಗೆ ಬಂದವಳು. ನಮ್ಮಿಬ್ಬರ ಪರಿಚಯವಾಗುವಾಗ ಇಬ್ಬರ ತಲೆಯೂ ಬೆಳ್ಳಗಾಗಿತ್ತು, ಇಬ್ಬರ ಗಂಡಂದಿರೂ ಹೋಗಿ ಆಗಿತ್ತು.

ಆ ಪರಿಚಯವಾದದ್ದೂ ಒಂದು ತಮಾಷೆ. ಲಿಫ್ಟ್ ಕೆಟ್ಟ ದಿನ ಮೆಟ್ಟಿಲು ಹತ್ತಿ ಬಂದು ನಾನಿದ್ದ ಮಗಳ ಮನೆಯ ಬೆಲ್ ಒತ್ತಿದಳು. ಏದುಸಿರು. “ಪ್ರೊಶೆ ಪಾನಿ...” ಎಂದಳು. ಕುವೈತಿನಲ್ಲಿ ಅಷ್ಟಿಷ್ಟು ಹಿಂದಿ ಬಾರದವರು ಯಾರು? ಪಾಪ, ಬಾಯಾರಿದೆ ಅಂತ ನಾನು ಓಡಿಹೋಗಿ ಗ್ಲಾಸು ತುಂಬ ನೀರು ತಂದೆ. ಒಂದೇ ಗುಟುಕಿಗೆ ಕುಡಿದಳು. ಕುಡಿದು ಬಾಯಿ ಒರೆಸಿಕೊಂಡು, “ನಾನು ಕೇಳಬೇಕೆಂದದ್ದು ಒಂದು ನಿಂಬೆಹಣ್ಣು” ಎಂದಳು. ಅವರಲ್ಲಿ ಪ್ರೊಶೆ ಎಂದರೆ ಪ್ಲೀಸ್, ಪಾನಿ ಎಂದರೆ ಮ್ಯಾಡಮ್ ಅಂತೆ.

“ಮತ್ತೆ ನೀರು ಯಾಕೆ ಕುಡಿದೆ ಮಾರಾಯ್ತಿ?”

“ಕೊಟ್ಟದ್ದನ್ನು ನೋ ಥ್ಯಾಂಕ್ ಯೂ ಅನ್ನಲಿಕ್ಕೆ ನಾನೇನು ಇಂಗ್ಲೆಂಡಿನವಳಾ?”

ಅಂದಿನಿಂದ ನಾನು ಅವಳಿಗೆ ಪಾನಿ, ಅವಳು ನನಗೆ ಪಾನಿ.

ಇಂಗ್ಲಿಷರ ವಿಷಯ ನನಗೂ ಸ್ವಲ್ಪ ಗೊತ್ತು. ಎಣ್ಣೆ ಕಂಪೆನಿಗಳ ಊರು ಅಹ್ಮದಿಯ ಒಂದು ಆಫೀಸಿನಲ್ಲಿ ನಾನು ಎಷ್ಟೋ ವರ್ಷ ಟೈಪಿಸ್ಟ್ ಆಗಿದ್ದವಳು. ಅಲ್ಲಿದ್ದ ಇಂಗ್ಲಿಷ್ ಎಂಜಿನಿಯರರ ಹೆಂಡತಿ ಒಮ್ಮೆ “ಯೂ ಮಸ್ಟ್ ಕಮ್ ಫಾರ್ ಟೀ ಸಮ್ ಡೇ” ಎಂದಿದ್ದಳು. ನಾನು ಹೊಸ ಮೈಸೂರು ಸಿಲ್ಕ್ ಸೀರೆಗೆ ಫಾಲ್ ಹೊಲಿಸಿ ಇಟ್ಟುಕೊಂಡು ಆ ಸಮ್ ಡೇಗೆ ಕಾದೆ. ಅವರು ರಿಟೈರ್ ಆಗಿ ಊರಿಗೆ ಹೋದರು, ಸೀರೆ ಮಡಿಕೆಯಲ್ಲೇ ಹರಿಯಿತು. ಇದನ್ನು ಹೇಳಿದಾಗ ಪೋಲೆಂಡಿನವಳು ಬಿದ್ದು ಬಿದ್ದು ನಕ್ಕಳು. “ನಮ್ಮಲ್ಲಿ ಯಾರೂ ಕರೆಯುವುದೇ ಇಲ್ಲ, ಪಾನಿ. ನಿನ್ನ ಹೆಸರಿನ ಸಂತನ ಹಬ್ಬ ಯಾವತ್ತು ಅಂತ ಕ್ಯಾಲೆಂಡರಿನಲ್ಲೇ ಉಂಟು. ಅವತ್ತು ಎಲ್ಲರೂ ಬಂದೇ ಬರುತ್ತಾರೆ. ಕೇಕು ಸಾಲದಿದ್ದರೆ ಅದು ನಿನ್ನ ಹಣೆಬರಹ.”

ಅವಳ ಬಾಗಿಲ ಬಳಿ ಒಂದು ಬುಟ್ಟಿ ತುಂಬ ಬಟ್ಟೆಯ ಚಪ್ಪಲಿಗಳಿದ್ದವು, ಬಂದವರಿಗೆಂದು. ಹೊರಗಿನ ಶೂ ಕಳಚಿ, ಅದನ್ನು ಮೆಟ್ಟಿಕೊಂಡೇ ಒಳಗೆ. ಅಹ್ಮದಿಯ ಬಂಗಲೆಗಳಲ್ಲಿ ಶೂ ಹಾಕಿಕೊಂಡೇ ಕಾರ್ಪೆಟ್ ಮೇಲೆ ನಡೆಯುವವರನ್ನು ಕಂಡು ಹೇಸಿದ್ದ ನನಗೆ, ಬಿಳಿ ಚರ್ಮದವರಲ್ಲೂ ನಮ್ಮ ಹಾಗಿನವರು ಇದ್ದಾರಲ್ಲ ಅನಿಸಿತು. ಹೊಸ್ತಿಲ ಆಚೆ ನಿಂತು ಈಚೆಯವರ ಕೈ ಕುಲುಕಿದರೆ ಜಗಳ ಬರುತ್ತದಂತೆ, ಅದಕ್ಕೆ ಒಳಗೆ ಎಳೆದುಕೊಂಡೇ ಕೈ ಹಿಡಿಯುತ್ತಿದ್ದಳು. ನಮ್ಮಮ್ಮನೂ ಹೊಸ್ತಿಲ ಮೇಲಿಂದ ಏನನ್ನೂ ಕೊಡಲು ಬಿಡುತ್ತಿರಲಿಲ್ಲ.

ಅವಳ ಮಗಳು ಜರ್ಮನಿಯಲ್ಲಿದ್ದಳು. ಪಾನಿ ಅಲ್ಲಿಗೆ ಹೋಗಿ ಬಂದಾಗಲೆಲ್ಲ ನನಗೆ ಒಂದು ವಾರಕ್ಕಾಗುವಷ್ಟು ಕತೆ. “ಜರ್ಮನಿಯಲ್ಲಿ ಭಾನುವಾರ ಖಾಲಿ ಬಾಟಲಿಯನ್ನು ಕಸದ ಡಬ್ಬಿಗೆ ಹಾಕುವ ಹಾಗಿಲ್ಲ, ಸದ್ದಾಗುತ್ತದೆ. ನಾನು ಕಟ್ಲೆಟ್ ಬಡಿದೆ ಅಂತ ನೆರೆಯವರು ಬಾಗಿಲಿಗೆ ಚೀಟಿ ಅಂಟಿಸಿದರು, ವೆರಿ ಪೊಲೈಟ್ ಚೀಟಿ. ನಮ್ಮ ಪೋಲೆಂಡಿನ ಬ್ಲಾಕಿನಲ್ಲಿ ಭಾನುವಾರ ಎಲ್ಲ ಅಡುಗೆಮನೆಯಿಂದಲೂ ಇದೇ ಸದ್ದು. ಯಾವ ಮನೆಯಿಂದ ಸದ್ದಿಲ್ಲವೋ ಆ ಮನೆಯ ಬಾಗಿಲು ತಟ್ಟುತ್ತಿದ್ದೆವು, ಹುಷಾರಿಲ್ಲವಾ ಅಂತ. ಜರ್ಮನಿಯಲ್ಲಿ ಗೋಡೆಗೆ ಕಿವಿ ಮಾತ್ರ, ಪಾನಿ. ನಮ್ಮಲ್ಲಿ ಬಾಯಿಯೂ ಉಂಟು.”

ಆದರೆ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಒಂದು ಮಾತು. ಮಂಗಳೂರಿನ ಕಾನ್ವೆಂಟಿನಲ್ಲಿ ಸಿಸ್ಟರ್ ನಮಗೆ ಬೆನ್ನು ನೆಟ್ಟಗೆ ಮಾಡಿಸಿ ಕಲಿಸಿದ್ದರು. ಹೌ ಆರ್ ಯೂ ಅನ್ನುವುದು ಪ್ರಶ್ನೆಯಲ್ಲ ಚೈಲ್ಡ್, ಅದೊಂದು ಗ್ರೀಟಿಂಗ್. ಫೈನ್, ಥ್ಯಾಂಕ್ ಯೂ ಅನ್ನಬೇಕು, ಅಷ್ಟೇ. ಜ್ವರ ಬಂದಾಗಲೂ ನಾನು ಫೈನ್. ಗಂಡ ತೀರಿಕೊಂಡ ವಾರ ಆಫೀಸಿನಲ್ಲಿ ಕೇಳಿದವರಿಗೂ ನನ್ನ ಬಾಯಿಂದ ಅದೇ ಬಂದಿತ್ತು. ಈಕೆಗೆ ಮೊದಲ ಸಲ ಹಾಗೆ ಹೇಳಿದಾಗ ಹುಬ್ಬು ಗಂಟಿಕ್ಕಿದಳು.

“ಫೈನ್ ಅನ್ನುವುದು ಪರಕೀಯರಿಗೆ. ನಮ್ಮವರು ‘ತ್ಸೊ ಸ್ವಿಹಾಚ್’ ಅಂತ ಕೇಳಿದರೆ, ಅಂದರೆ ಏನು ಸುದ್ದಿ ಅಂತ ಕೇಳಿದರೆ, ‘ಸ್ತಾರಾ ಬಿಯೆದಾ’ ಅನ್ನಬೇಕು.”

“ಹಾಗೆಂದರೆ?”

“ಹಳೇ ಬಡತನ. ಓಲ್ಡ್ ಮಿಸರಿ.”

ಅದೇ ಹಳೇ ದರಿದ್ರ! ನಮ್ಮ ಅಜ್ಜಿ ಪಾತ್ರೆ ಉಜ್ಜುತ್ತಾ ಹೇಳುತ್ತಿದ್ದದ್ದೂ ಅದನ್ನೇ. ನಾನು ನಕ್ಕದ್ದು ನಕ್ಕದ್ದೇ. ಹೀಗೆ ಪ್ರತಿ ಶುಕ್ರವಾರ ಕೆಳಗಿಳಿಯುವುದು, ಬುಟ್ಟಿಯ ಚಪ್ಪಲಿ ಮೆಟ್ಟುವುದು, ತ್ಸೊ ಸ್ವಿಹಾಚ್, ಸ್ತಾರಾ ಬಿಯೆದಾ, ಆಮೇಲೆ ಗ್ಲಾಸಿನಲ್ಲಿ ಲಿಂಬೆ ಹಾಕಿದ ಕಪ್ಪು ಚಾ. ನನ್ನ ಮಂಡಿ, ಅವಳ ಬಿಪಿ, ನನ್ನ ಅಳಿಯನ ಮೌನ, ಅವಳ ಮಗಳ ಗಡಿಬಿಡಿ. ಇಡೀ ಕುವೈತಿನಲ್ಲಿ ನಾನು ಫೈನ್ ಅಲ್ಲ ಎಂದು ಗೊತ್ತಿದ್ದದ್ದು ಅವಳೊಬ್ಬಳಿಗೆ. ಮನೆಯಲ್ಲಿ ಮೊಮ್ಮಕ್ಕಳನ್ನು “ಹೇಗಿದ್ದಿ ಮಗಾ?” ಎಂದರೆ ಫೋನಿನಿಂದ ತಲೆ ಎತ್ತದೆ “ಆಯಾಮ್ ಗುಡ್, ಅಜ್ಜಿ” ಅನ್ನುತ್ತವೆ. ಅಲ್ಲಿಗೆ ಮಾತು ಖಲಾಸ್.

ಒಂದು ಬೇಸಿಗೆ ಅವಳು ಪೋಲೆಂಡಿಗೆ ಹೋದಳು, ಕೊನೆಗಾಲಕ್ಕೆ ಅಲ್ಲೇ ಇರಬಹುದಾ ಎಂದು ನೋಡಿ ಬರಲು. ಬಂದವಳು ಸೂಟ್‌ಕೇಸ್ ಬಿಚ್ಚದೆ ನನ್ನನ್ನು ಕರೆದಳು. ಹಳೇ ಬ್ಲಾಕಿಗೆ ಪಿಸ್ತಾ ಬಣ್ಣ ಬಳಿದಿದ್ದಾರಂತೆ. ಗೇಟಿಗೆ ಕೋಡ್. ಭಾನುವಾರ ಕಿಟಕಿ ತೆರೆದು ಕೂತು ಕಿವಿಗೊಟ್ಟರೆ ಒಂದು ಮನೆಯಿಂದಲೂ ಸುತ್ತಿಗೆಯ ಸದ್ದಿಲ್ಲ. ಊಟದ ಪೆಟ್ಟಿಗೆ ಹೊತ್ತ ಡೆಲಿವರಿಯವರು ಹತ್ತಿ ಇಳಿಯುತ್ತಿದ್ದರು. ಲಿಫ್ಟಿನಲ್ಲಿ ಒಬ್ಬ ಹುಡುಗಿಯನ್ನು ತ್ಸೊ ಸ್ವಿಹಾಚ್ ಅಂತ ಕೇಳಿದ್ದಾಳೆ. ಹುಡುಗಿ ಕಿವಿಯಿಂದ ಇಯರ್‌ಫೋನ್ ಕಿತ್ತು, ಹಲ್ಲು ಕಿರಿದು, “ಸೂಪರ್!” ಎಂದಳಂತೆ.

“ನಾವು ಚಿಕ್ಕವರಿರುವಾಗ ಸಕ್ಕರೆಗೆ ಕ್ಯೂ ನಿಂತು, ನಮ್ಮ ದೇಶ ಒಂದು ದಿನ ವೆಸ್ಟರ್ನ್ ಆಗಲಿ ಅಂತ ಬೇಡಿಕೊಳ್ಳುತ್ತಿದ್ದೆವು, ಪಾನಿ. ಆಯಿತು. ಈಗ ಅದು ಜರ್ಮನಿಯ ಹಾಗೆ, ಇಂಗ್ಲೆಂಡಿನ ಹಾಗೆ. ಬಹಳ ಚಂದ ಉಂಟು. ನಾನು ಯಾರಂತ ಕೇಳುವವರಿಲ್ಲ.”

ನನ್ನ ಮಂಗಳೂರಿನಲ್ಲೂ ಈಗ “ಸೂಪರ್, ಆಂಟಿ” ತಾನೇ.

ಆಮೇಲೆ ಒಂದು ಶುಕ್ರವಾರ ಸದ್ದು ಬರಲಿಲ್ಲ. ದೋಸೆ ಹಿಟ್ಟಿನ ಸೌಟು ಕೈಯಲ್ಲೇ ಇತ್ತು, ನಾನು ಶಾಫ್ಟಿನ ಕಿಟಕಿಗೆ ಕಿವಿ ಕೊಟ್ಟು ನಿಂತೆ. “ಕೆಳಗಿನಿಂದ ಸದ್ದಿಲ್ಲ” ಎಂದರೆ ನನ್ನ ಮಗಳು, “ಅಮ್ಮಾ, ಪ್ಲೀಸ್, ಅವರಿಗೂ ಪ್ರೈವೆಸಿ ಬೇಡ್ವಾ?” ಎಂದಳು. ಸದ್ದಿಲ್ಲದ ಮನೆಯ ಬಾಗಿಲು ತಟ್ಟಬೇಕು ಎನ್ನುವುದು ಅವಳಿಗೆ ಗೊತ್ತಿರಲಿಲ್ಲ. ನಾನು ಹೋಗಿ ತಟ್ಟಿದೆ.

ಅಡುಗೆಮನೆಯ ಡ್ರಾಯರುಗಳೆಲ್ಲ ತೆರೆದಿದ್ದವು. “ಸುತ್ತಿಗೆ ಸಿಗುತ್ತಿಲ್ಲ, ಪಾನಿ” ಎಂದಳು. ಸುತ್ತಿಗೆ ಅವಳ ಬಲಗೈಯಲ್ಲಿತ್ತು. ತೋರಿಸಿದೆ. ಇಬ್ಬರೂ ನಕ್ಕೆವು. ನಾನು ಸ್ವಲ್ಪ ಬೇಗ ನಗು ನಿಲ್ಲಿಸಿದೆ.

ಮುಂದೆ ಸದ್ದು ಮಂಗಳವಾರ ಬರತೊಡಗಿತು, ಸೋಮವಾರ ಮಧ್ಯಾಹ್ನ ಬರತೊಡಗಿತು. ಒಮ್ಮೆ ಇಳಿದು ನೋಡಿದರೆ ಹಲಗೆಯ ಮೇಲೆ ಕೋಳಿಯೇ ಇಲ್ಲ, ಬರೀ ಹಲಗೆ ಬಡಿಯುತ್ತಿದ್ದಾಳೆ. ಆದರೂ ನನ್ನನ್ನು ಕಂಡ ಕೂಡಲೇ, “ಸ್ತಾರಾ ಬಿಯೆದಾ!” ನಾನು ಕೇಳುವ ಮೊದಲೇ. ಆ ಮಾತು ಇರುವವರೆಗೆ ಇವಳು ಇದ್ದಾಳೆ ಎಂದು ನಾನು ಮನಸ್ಸಿಗೆ ಹೇಳಿಕೊಂಡೆ. ಇಳಿವಯಸ್ಸಿನಲ್ಲಿ ಮನುಷ್ಯ ಯಾವ್ಯಾವುದಕ್ಕೋ ಜೋತುಬೀಳುತ್ತಾನೆ.

ಜರ್ಮನಿಯಿಂದ ಮಗಳು ಬಂದಳು. ಒಳ್ಳೆಯ ಹುಡುಗಿ, ಅವಳನ್ನು ದೂರಲಾರೆ. ಅಲ್ಲಿ ವಯಸ್ಸಾದವರ ಒಂದು ಹೋಮ್ ನೋಡಿದ್ದಾಳೆ, ಗಾರ್ಡನ್ ಉಂಟು, ಕೋಣೆಗಳೆಲ್ಲ ಸೌಂಡ್‌ಪ್ರೂಫ್.

“ಅಮ್ಮನಿಗೆ ಪೋಲೆಂಡಿನಲ್ಲೇ ಇರಲಿಕ್ಕೆ ಆಸೆ ಇತ್ತಲ್ಲಮ್ಮಾ?” ಎಂದೆ.

“ಅಲ್ಲಿ ಯಾರಿದ್ದಾರೆ, ಆಂಟಿ?”

“ಜರ್ಮನಿಯ ಆ ಹೋಮಿನಲ್ಲಿ ಪೋಲಿಷ್ ಮಾತಾಡುವವರಾದರೂ...?”

“ಓ ಯೆಸ್, ಕ್ಲೀನರ್ಸ್ ಎಲ್ಲ ಪೋಲಿಷ್.”

ಹೊರಡುವ ದಿನ ನಾನು ಕೆಳಗಿಳಿದೆ. ಚಪ್ಪಲಿಯ ಬುಟ್ಟಿಯನ್ನು ಕಸದ ಚೀಲಗಳ ಪಕ್ಕ ಕಾರಿಡಾರಿನಲ್ಲಿ ಇಟ್ಟಿದ್ದರು. ಅವಳು ಲಿಫ್ಟಿನ ಮುಂದೆ ನಿಂತಿದ್ದಳು, ಕುವೈತಿನ ಸೆಕೆಯಲ್ಲಿ ಉಣ್ಣೆಯ ಕೋಟು ತೊಟ್ಟು, ತಲೆ ನೀಟಾಗಿ ಬಾಚಿಸಿಕೊಂಡು. ಮಗಳು ಸೂಟ್‌ಕೇಸುಗಳನ್ನು ಒಳಗೆ ತಳ್ಳುತ್ತಿದ್ದಳು. ನಾನು ಪಾನಿಯ ಎರಡೂ ಕೈ ಹಿಡಿದು, ಬಾಯಿ ತುಂಬ, ತಪ್ಪಿಲ್ಲದೆ ಕೇಳಿದೆ:

“ತ್ಸೊ ಸ್ವಿಹಾಚ್, ಪಾನಿ?”

ಅವಳು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಮೆಲ್ಲಗೆ ಕೈ ಬಿಡಿಸಿಕೊಂಡಳು. ಬೆನ್ನು ನೆಟ್ಟಗೆ ಮಾಡಿ, ಬಹಳ ಮರ್ಯಾದೆಯಿಂದ ನಕ್ಕಳು.

“ಫೈನ್, ಥ್ಯಾಂಕ್ ಯೂ, ಮ್ಯಾಡಮ್. ಆಂಡ್ ಯೂ?”

ಮಗಳು ಅವಳನ್ನು ಒಳಗೆ ಕರೆದುಕೊಂಡು ಬಟನ್ ಒತ್ತಿದಳು. ಬಾಗಿಲು ಮುಚ್ಚುವವರೆಗೂ ಅವಳು ನನ್ನ ಉತ್ತರಕ್ಕೆ ಕಾಯುತ್ತಾ ಹಾಗೇ ನಗುತ್ತಿದ್ದಳು. ನನ್ನ ಬಾಯಿಗೆ ಬಂದದ್ದೂ ಅದೊಂದೇ.

“ಫೈನ್” ಎಂದೆ. “ಥ್ಯಾಂಕ್ ಯೂ.”