ಮಗಳ ತೂಕದ ಮರಳು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಶೆಡ್ಡಿನಲ್ಲಿ ಒಂದೇ ಟ್ಯೂಬ್‌ಲೈಟು, ಅದರ ಕೆಳಗೆ ರೇಸ್ ಕಾರು. ಐವತ್ತೆಂಟು ದಾಟಿದ ಒಬ್ಬರು ಮರಳಿನ ಮೂಟೆಯೊಂದನ್ನು ಎದೆಗೆ ಅವಚಿಕೊಂಡು ಬಂದು ಚಾಲಕರ ಸೀಟಿನಲ್ಲಿ ಮೆಲ್ಲಗೆ ಕೂರಿಸುತ್ತಾರೆ. ಕಾಲು ಚಾಚುವ ಜಾಗದಲ್ಲಿ ಇನ್ನೊಂದು ಚಿಕ್ಕ ಮೂಟೆ. ಆಮೇಲೆ ಎರಡಕ್ಕೂ ಸೇರಿಸಿ ಬೆಲ್ಟು ಹಾಕುತ್ತಾರೆ.

"ಬೆಲ್ಟ್ ಹಾಕದಿದ್ರೂ ನಡೆಯುತ್ತೆ. ಮರಳು ಎಲ್ಲಿಗೆ ಎದ್ದು ಹೋಗುತ್ತೆ? ಅಭ್ಯಾಸ ಬಿದ್ದುಬಿಟ್ಟಿದೆ" ಎನ್ನುತ್ತಾರೆ.

ಕಾರಿನ ಎತ್ತರ ಅಳೆಯುವಾಗ ಚಾಲಕರ ತೂಕ ಅದರೊಳಗೆ ಇರಲೇಬೇಕು. ಈ ಕಾರು ಓಡಿಸುವವಳು ಆ ಹೊತ್ತಿಗೆ ಮಲಗಿರುತ್ತಾಳೆ, ಅವಳ ಬದಲಿಗೆ ಅಷ್ಟೇ ತೂಕದ ಮರಳು. ಅವಳು ಇವರ ಮಗಳು. "ಅವಳನ್ನ ಎತ್ತಿಕೊಂಡು ಎಷ್ಟೋ ಕಾಲ ಆಯ್ತು. ಇದನ್ನ ಮಾತ್ರ ಎತ್ತುತ್ತಾನೇ ಇದೀನಿ" ಎಂದು ನಗುತ್ತಾರೆ. ಇವರ ಬಗ್ಗೆ ಬರೆಯಲು ಬಂದ ನನಗೆ ನಗು ಬರುವುದಿಲ್ಲ.

ತಂಡದಲ್ಲಿ ಎಲ್ಲರಿಗೂ ಇವರು ಮಟ್ಟಣ್ಣ. ಕಾರಿನ ಹೊಟ್ಟೆ ನೆಲದಿಂದ ಎಷ್ಟು ಮೇಲಿರಬೇಕು, ಮೂತಿ ಎಷ್ಟು ಬಾಗಿರಬೇಕು ಎಂಬುದನ್ನು ಹೊಂದಿಸುವ ಕೆಲಸ. ಕಾರು ನಿಲ್ಲಿಸುವ ನೆಲ ಅಚ್ಚುಕಟ್ಟಾಗಿ ಮಟ್ಟ ಮಾಡಿದ್ದು, ಸುತ್ತ ಹಳದಿ ಗೆರೆ. ಟೈರಿನಡಿ ಒಂದು ಹರಳು ಸಿಕ್ಕಿದರೂ ಅಳತೆ ಕೆಡುತ್ತದೆ ಎಂದು ಗೆರೆಯೊಳಗೆ ಬೇರೆ ಯಾರನ್ನೂ ಬಿಡುವುದಿಲ್ಲ. ಚಹಾ ತರುವವನು ಲೋಟವನ್ನು ಗೆರೆಯಾಚೆ ಇಟ್ಟು ಹೋಗುತ್ತಾನೆ. ಒಂದು ಕಾಲು ಒಳಗಿಟ್ಟ ನನಗೆ ಸರಿಯಾಗಿ ಬೈಗುಳ ಬಿದ್ದಿದೆ.

"ನಿಂತ ಕಾರಿನ ಎತ್ತರ ನಂಬಬೇಡಿ" ಎನ್ನುತ್ತಾರೆ ಮಟ್ಟಣ್ಣ. "ಓಡ್ತಾ ಓಡ್ತಾ ಗಾಳಿ ಮೇಲಿಂದ ಒತ್ತುತ್ತೆ, ಅಡಿಯಿಂದ ಎಳೆಯುತ್ತೆ. ವೇಗ ಏರಿದಷ್ಟೂ ಗಾಡಿ ಕೆಳಗೆ ಕೂತ್ಕೊಳ್ಳುತ್ತೆ, ಹಾಸಿಗೆ ಮೇಲೆ ಯಾರೋ ಕೂತ ಹಾಗೆ. ನಾನಿಲ್ಲಿ ಬಿಟ್ಟ ಜಾಗನ ಗಾಳಿ ಅಲ್ಲಿ ತಿಂದು ಹಾಕುತ್ತೆ. ಅದು ತಿಂದ ಮೇಲೂ ಒಂಚೂರು ಉಳೀಬೇಕು."

ತಗ್ಗಿದಷ್ಟೂ ಗಾಳಿಯ ಒತ್ತು ಹೆಚ್ಚು, ಟೈರು ರಸ್ತೆಯನ್ನು ಕಚ್ಚಿ ಹಿಡಿಯುತ್ತದೆ. ತೀರಾ ತಗ್ಗಿದರೆ ಹೊಟ್ಟೆ ರಸ್ತೆಗೆ ಬಡಿದು ಹಿಡಿತವೇ ತಪ್ಪುತ್ತದೆ. ಎರಡರ ನಡುವೆ ಇರುವುದು ಕೆಲವೇ ಮಿಲಿಮೀಟರ್. ಹೊಟ್ಟೆಯಡಿ ಒಂದು ಮರದ ಹಲಗೆ ಇದೆ, ರೇಸು ಮುಗಿದ ಮೇಲೆ ಅದರ ಸವೆತ ನೋಡಿದರೆ ಕಾರು ಎಷ್ಟು ತಗ್ಗಿತ್ತು ಎಂದು ತಿಳಿಯುತ್ತದೆ. ಓಡುವ ಕಾರನ್ನು ಮಟ್ಟಣ್ಣ ನೋಡುವುದೇ ಇಲ್ಲ. ಟ್ರ್ಯಾಕಿಗೆ ಬೆನ್ನು ಹಾಕಿ ಕೂರುತ್ತಾರೆ.

ಮೊದಲು ಲಾರಿಗಳ ಸ್ಪ್ರಿಂಗ್ ರಿಪೇರಿ ಮಾಡಿಕೊಂಡಿದ್ದವರು. ಮಗಳಿಗೆ ಸ್ಟೀರಿಂಗ್ ಹುಚ್ಚು ಹಿಡಿದಾಗ ಅವಳ ಹಿಂದೆಯೇ ಈ ಕೆಲಸಕ್ಕೆ ಬಂದರು. ಹೆಂಡತಿ ಒಂದು ರೇಸಿಗೂ ಬಂದಿಲ್ಲ. ರೇಸು ಮುಗಿಯುವ ಹೊತ್ತಿಗೆ ಫೋನ್ ಮಾಡಿ "ಬಂದ್ಲಾ?" ಎಂದು ಕೇಳುತ್ತಾರೆ. ಇವರು "ಬಂದ್ಲು" ಎನ್ನುತ್ತಾರೆ. ಗಂಡ ಹೆಂಡತಿಯ ಮಾತು ಅಲ್ಲಿಗೆ ಮುಗಿಯಿತು.

ಮಗಳು ಸಿಗುವುದು ಕ್ಯಾಂಟೀನಿನಲ್ಲಿ, ಅಪ್ಪ ಕೂರುವ ಮೇಜಿನಿಂದ ದೂರ, ತಂಡದ ಉಳಿದವರ ಮೇಜಿನಲ್ಲಿ. ಅವಳೂ ಅಪ್ಪನನ್ನು ಮಟ್ಟಣ್ಣ ಎಂದೇ ಕರೆಯುತ್ತಾಳೆ. ಯಾಕೆ ಎಂದು ಕೇಳಿದಾಗ ಲೋಟ ಪಕ್ಕಕ್ಕೆ ಸರಿಸಿ ಹೇಳುತ್ತಾಳೆ.

"ಹೋದ ವರ್ಷ ಮುಂದಿನ ಕಡೆ ಎರಡು ಮಿಲಿಮೀಟರ್ ತಗ್ಗಿಸಿ ಅಂದಿದ್ದೆ. ತಗ್ಗಿಸಿದೀನಿ ಅಂದ್ರು. ತಗ್ಗಿಸಿರ್ಲಿಲ್ಲ. ಅಡಿ ಬಡಿದುಬಿಟ್ರೆ ಅಂತ ಹೆದರಿಕೆ. ನಿಧಾನ ತಿರುವುಗಳಲ್ಲಿ ಗೊತ್ತೇ ಆಗ್ಲಿಲ್ಲ, ಅಲ್ಲಿ ಗಾಳಿ ಅಷ್ಟು ಒತ್ತಲ್ಲ. ದೊಡ್ಡ ತಿರುವಲ್ಲಿ ಮುಂದಿನ ಟೈರು ಹಿಡಿಯುತ್ತೆ ಅಂತ ನಂಬಿ ತಿರುಗಿಸಿದೆ. ಹಿಡೀಲಿಲ್ಲ. ನೆಟ್ಟಗೆ ಹೋಗಿ ಗೋಡೆಗೆ ಹೊಡೆದೆ." ಮುರಿದದ್ದು ಭುಜದ ಮೂಳೆ. "ಆಸ್ಪತ್ರೇಲಿ ಹೇಳ್ದೆ, ಶೆಡ್ಡಲ್ಲಿ ಇನ್ಮೇಲೆ ನೀವು ನನಗೆ ಅಪ್ಪ ಅಲ್ಲ ಅಂತ."

ತಂಡದ ಮುಖ್ಯಸ್ಥರು ಇವರನ್ನು ಕೆಲಸದಿಂದ ತೆಗೆಯಲು ಹೊರಟಾಗ ಅಡ್ಡ ನಿಂತವಳೂ ಅವಳೇ. "ಅವರಷ್ಟು ಸರಿಯಾಗಿ ಇನ್ಯಾರು ಇಡ್ತಾರೆ?" ಎಂದು ನನ್ನನ್ನೇ ಕೇಳುತ್ತಾಳೆ. ಅಷ್ಟು ನಂಬಿಕೆ ಇದ್ದೂ ಬೇರೆ ಮೇಜಿನಲ್ಲಿ ಕೂರುವ ಈ ಹಟ ಅಪ್ಪನಿಂದಲೇ ಬಂದದ್ದಿರಬೇಕು.

ಇಂದು ಮತ್ತೆ ಅದೇ ಟ್ರ್ಯಾಕು, ಅದೇ ತಿರುವು. ಮಗಳು ಎಂಜಿನಿಯರ್ ಕೈಯಲ್ಲಿ ಹೇಳಿಕಳಿಸಿದ್ದಾಳೆ: ಮುಂದಿನ ಕಡೆ ಎರಡು ಮಿಲಿಮೀಟರ್ ತಗ್ಗಿಸಬೇಕು. ಮಟ್ಟಣ್ಣ ಸ್ಪ್ಯಾನರ್ ಹಿಡಿದು ಮೂತಿಯ ಪಕ್ಕ ಮಂಡಿಯೂರಿದ್ದಾರೆ. ಕೈ ಸ್ವಲ್ಪ ಹೊತ್ತು ನಿಲ್ಲುತ್ತದೆ. ಆಮೇಲೆ ತಿರುಗಿಸುತ್ತಾರೆ, ಅಳೆಯುತ್ತಾರೆ, ಇನ್ನೂ ಸ್ವಲ್ಪ ತಿರುಗಿಸುತ್ತಾರೆ.

"ಭಯ ಇವತ್ತೂ ಇದೆ" ಎನ್ನುತ್ತಾರೆ. "ಹೋದ ಸಲ ಭಯದ ಕೈಗೆ ಅಳತೆಪಟ್ಟಿ ಕೊಡಬಾರದಿತ್ತು, ಕೊಟ್ಟುಬಿಟ್ಟೆ. ಗೆಲ್ಲೋದು ಸೋಲೋದು ಅವಳಿಗೆ ಬಿಟ್ಟಿದ್ದು. ಕೇಳಿದಷ್ಟೇ ಇಟ್ಟಿದೀನಿ ಅಂತ ಅವಳಿಗೆ ಗೊತ್ತಾದ್ರೆ ನನಗೆ ಸಾಕು."

ಮಧ್ಯಾಹ್ನ ಎಲ್ಲರೂ ರೇಸು ನೋಡಲು ಟ್ರ್ಯಾಕಿನ ಪಕ್ಕದ ಗೋಡೆಯಂಚಿಗೆ ಓಡಿದಾಗ ಮಟ್ಟಣ್ಣ ಖಾಲಿ ಶೆಡ್ಡಿನಲ್ಲಿ ಮೂಟೆಗಳ ಪಕ್ಕ ಕೂತಿದ್ದಾರೆ. ಸದ್ದು ದೂರ ಹೋಗುತ್ತದೆ, ತಿರುಗಿ ಬರುತ್ತದೆ. ತಿರುಗಿ ಬರುವುದು ಒಂದು ಚೂರು ತಡವಾದರೂ ಅವರ ಕೈ ಮೂಟೆಯ ಬಾಯಿಗೆ ಕಟ್ಟಿದ ದಾರ ಹುಡುಕುತ್ತದೆ. ಅದನ್ನು ನೋಡುತ್ತಾ ಕೂರುವುದು ನನಗೇ ಕಷ್ಟವಾಗುತ್ತದೆ.

ಅವಳು ಆರನೆಯವಳಾಗಿ ಮುಗಿಸಿ ಬರುತ್ತಾಳೆ. ಹೆಲ್ಮೆಟ್ ತೆಗೆಯುವಷ್ಟರಲ್ಲಿ ಮಟ್ಟಣ್ಣ ಕಾರನ್ನು ಜಾಕಿನ ಮೇಲೆ ಏರಿಸಿ, ಟಾರ್ಚ್ ಹಿಡಿದು ಅಡಿಗೆ ನುಸುಳಿಯಾಗಿದೆ. ಮಗಳ ಮುಖ ನೋಡುವುದಕ್ಕಿಂತ ಹಲಗೆ ನೋಡುವುದು ಅವರಿಗೆ ಸುಲಭ. "ಸವರಿಕೊಂಡು ಹೋಗಿದೆ ಅಷ್ಟೇ, ಬಡಿದಿಲ್ಲ" ಎಂದು ಅಲ್ಲಿಂದಲೇ ಎಂಜಿನಿಯರ್‌ಗೆ ಕೂಗಿ ಹೇಳುತ್ತಾರೆ.

ಅಷ್ಟರಲ್ಲಿ ಮೇಜಿನ ಮೇಲೆ ಅವರ ಫೋನ್ ಬಡಿದುಕೊಳ್ಳುತ್ತದೆ. ಮನೆಯಿಂದ. ಮಟ್ಟಣ್ಣನ ಎರಡೂ ಕೈ ಮಸಿ. ಫೋನ್ ಸುಮಾರು ಹೊತ್ತು ಹೊಡೆದುಕೊಳ್ಳುತ್ತದೆ. ಕೊನೆಗೆ ಮಗಳೇ ಹೋಗಿ ಎತ್ತಿಕೊಳ್ಳುತ್ತಾಳೆ.

"ಬಂದೆ ಅಮ್ಮ." ಆ ಕಡೆಯಿಂದ ಏನೋ ಮಾತು. "ಹ್ಞೂಂ, ಅದೇ ತಿರುವು. ಇಲ್ಲ, ಹೆದರಿಕೆ ಆಗ್ಲಿಲ್ಲ. ಅಪ್ಪ ನಾನು ಹೇಳಿದಷ್ಟೇ ತಗ್ಗಿಸಿದ್ರು."

ಕಾರಿನಡಿ ಆಚೀಚೆ ಓಡಾಡುತ್ತಿದ್ದ ಟಾರ್ಚಿನ ಬೆಳಕು ಒಂದೇ ಕಡೆ ನಿಲ್ಲುತ್ತದೆ. ಹಲಗೆ ನೋಡಿ ಆಯಿತಾ ಎಂದು ಬಗ್ಗಿ ಕೇಳುತ್ತೇನೆ.

"ಇನ್ನೂ ಸ್ವಲ್ಪ ಇದೆ, ನೀವು ಹೊರಡಿ" ಎನ್ನುತ್ತಾರೆ ಮಟ್ಟಣ್ಣ. ಹೊರಗೆ ಬರುವುದಿಲ್ಲ.