ನನ್ನ ಮಾತು ಯಾವ ದಾರಿಯಿಂದ ಬಂತು

ಮೊನ್ನೆ ಸಂಜೆ ನಮ್ಮ ಪಡಸಾಲೆಯಲ್ಲಿ ಮೂವರಿದ್ದೆವು: ನಾನು, ನನ್ನ ಮಗಳ ಮಗಳು ಸುಮ, ಮತ್ತು ಆಕೆಯ ಫೋನು. ಫೋನನ್ನೂ ಎಣಿಕೆಗೆ ಹಿಡಿದಿದ್ದೇಕೆಂದರೆ ಆ ಹೊತ್ತು ನಮ್ಮಿಬ್ಬರಿಗಿಂತ ಹೆಚ್ಚು ಮಾತಾಡುತ್ತಿದ್ದುದು ಅದೇ. ಮರುದಿನ ಆಕೆಗೆ ಕಾಲೇಜಿನಲ್ಲಿ ವೈವಾ. ಎದುರಿಗೆ ಕೂತವರು ಪ್ರಶ್ನೆ ಕೇಳಿದೊಡನೆ ಈ ಹುಡುಗಿಯ ಗಂಟಲು ಕಟ್ಟುತ್ತದೆ. ಹೋದ ಸಲ ಗೊತ್ತಿದ್ದ ಉತ್ತರವನ್ನೂ ಹೇಳಲಾರದೆ ಕಣ್ಣೊರೆಸಿಕೊಂಡು ಬಂದಿದ್ದಳು. ಈ ಸಲ ಪುಸ್ತಕ ಮಡಚಿಟ್ಟು ಫೋನಿನಲ್ಲಿ ಧೈರ್ಯ ಹುಡುಕುತ್ತಿದ್ದಳು.

"ಅಮ್ಮಮ್ಮಾ, ನೀ ಬೆಂಕಿಯೇನು, ನೀರೇನು, ಮಣ್ಣೇನು, ಗಾಳಿಯೇನು?"

"ನಾ ಮನಷ್ಯಾಳು ಅದೀನಿ."

"ಹಂಗಲ್ಲ. ಇದರಾಗ ನಾಕು ದಾರಿ ಅದಾವು. ಹೋಮ, ಮಂತ್ರ ಅಂದ್ರ ಬೆಂಕಿ. ಭಕ್ತಿ ಅಂದ್ರ ನೀರು. ಬೂದಿ, ಬೇರು ಎಲ್ಲಾ ಮಣ್ಣು. ಉಸುರು ಹಿಡಿಯೋದು ಗಾಳಿ. ನಮ್ದು ಯಾವ್ದಂತ ತಿಳಕೊಂಡು ಅದೊಂದನ್ನೇ ಹಿಡೀಬೇಕಂತ. ಕಲಸಿದ್ರ ಎಲ್ಲಾ ಕೆಡ್ತದಂತ."

"ನಮಗ ಐದು ಹೇಳಿದ್ರಲ್ಲ. ಆಕಾಶ ಎಲ್ಲಿ ಹೋತು?"

"ಇದು ಹೊರದೇಶದ್ದು. ಅವರಿಗೆ ನಾಕೇ."

ಆಕಾಶ ಅವರಿಗೂ ತಲೆ ಮೇಲೆಯೇ ಇರಬೇಕಲ್ಲ ಎಂದು ನನಗೆ ತಲೆಬಿಸಿ ಶುರುವಾಯಿತು. ಆದರೆ ಅದಕ್ಕಿಂತ ದೊಡ್ಡ ತೊಡಕು ಆ 'ಕಲಸಿದರೆ ಕೆಡುತ್ತದೆ' ಎಂಬ ಮಾತು. ನಾಲ್ಕನ್ನೂ ಒಂದೇ ಬೆಳಿಗ್ಗೆ ಕಲಸಿ ಹೊಯ್ಯಿಸಿಕೊಂಡ ಮೈ ಇದು. ಕೇಳಿರಿ.

ನನಗಾಗ ಏಳು ವರ್ಷ. ಆದೋನಿಯಲ್ಲಿ ನಮ್ಮಪ್ಪನದು ಹತ್ತಿ ವ್ಯಾಪಾರ. ಸುಗ್ಗಿಯಲ್ಲಿ ಅಂಗಳದ ತುಂಬ ಹತ್ತಿ ರಾಶಿ. ಹತ್ತಬೇಡ ಎಂದಿದ್ದರು, ಹತ್ತಿದೆ. ಕಾಲ ಕೆಳಗಿನ ಹತ್ತಿ ಕುಸಿಯಿತು. ಒಳಗೆ ಎಲ್ಲಾ ಬಿಳಿ. ಸದ್ದು ಎಂಬುದೇ ಇಲ್ಲ. ಯಾರೋ ಕಾಲು ಹಿಡಿದು ಎಳೆದರು. ಬದುಕಿ ಬಂದೆ, ಮಾತು ಅಲ್ಲೇ ಉಳಿಯಿತು. ಡಾಕ್ಟರು ಗಂಟಲು ನೋಡಿ, ಏನೂ ಆಗಿಲ್ಲ, ಹೆದರಿದ್ದಾಳೆ ಎಂದರು. ಎಂಟು ದಿನ ಕಳೆದರೂ ನಾನು ತುಟಿ ಬಿಚ್ಚಲಿಲ್ಲ. ಈ ಕೂಸು ಮೂಗಿಯಾಗಿಯೇ ಉಳಿದರೆ ಎಂದು ಅವ್ವ ಊಟ ಬಿಟ್ಟಳು. ಇವತ್ತು ನನ್ನ ಬಾಯಿ ಮುಚ್ಚಿಸಲಾಗದೆ ಸೋತವರು ಇದನ್ನು ನಂಬುವುದಿಲ್ಲ, ಬಿಡಿ.

ಅಜ್ಜಿ ದಿನಾ ನನ್ನ ಹಣೆಗೆ ವಿಭೂತಿ ಬಳಿಯುತ್ತಿದ್ದಳು. ಅವ್ವ ಕೌತಾಳಂ ಕಡೆಯ ಬಸ್ಸು ಹಿಡಿದು ಹೋಗಿ ತಾಮ್ರದ ತಂಬಿಗೆಯಲ್ಲಿ ತುಂಗಭದ್ರೆಯ ನೀರು ತಂದಳು. ಪತ್ತಿಕೊಂಡದಿಂದ ತೆಲುಗು ಮಾತಿನ ಸೋದರತ್ತೆ ಬಂದು ಎಣ್ಣೆಯಲ್ಲಿ ಅದ್ದಿದ ಬಟ್ಟೆಯ ಬತ್ತಿ ಸುಟ್ಟು ದೃಷ್ಟಿ ತೆಗೆಯುತ್ತೇನೆಂದಳು. ನಮ್ಮ ಅಂಗಳದಲ್ಲಿ ಹತ್ತಿಯ ಕಸ ಆರಿಸುತ್ತಿದ್ದ ಖಾಜಾಬಿಯದು ಊದಿ ವಾಸಿಮಾಡುವ ಕೈಗುಣ. ಪಿಸುಮಾತಿನಲ್ಲಿ ಏನೋ ಓದಿ ಹಣೆಗೆ ಉಸಿರು ಬಿಡುತ್ತಿದ್ದಳು. ಯಾರನ್ನು ಮೊದಲು ಕರೆದರೂ ಉಳಿದವರ ದೈವಕ್ಕೆ ಸಿಟ್ಟು ಬಂದೀತೆಂದು ಅಜ್ಜಿ ಹೆದರಿ, ನಾಲ್ವರೂ ಒಂದೇ ಸಲ ಮಾಡೋಣ ಎಂದಳು. ಬತ್ತಿ ಉರಿದು ಮುಗಿಯುವ ತನಕ ಹುಡುಗಿ ಹನಿ ನೀರೂ ಕುಡಿಯಬಾರದೆಂಬುದು ಅತ್ತೆಯ ಕಟ್ಟಳೆ.

ಹತ್ತಿಯ ಅಂಗಳಕ್ಕೆ ಬೀಡಿ ಹಚ್ಚಿಕೊಂಡು ಬಂದವರನ್ನೂ ಅಪ್ಪ ಒಳಗೆ ಬಿಡುತ್ತಿರಲಿಲ್ಲ. "ಐದು ನಿಮಿಷಾಲು ಅಣ್ಣಾ, ಏಮೀ ಕಾದು, ಏನೂ ಆಗೋದಿಲ್ಲ" ಎನ್ನುತ್ತ ಅತ್ತೆ ಬಾಗಿಲಿಗೆ ಬತ್ತಿ ಕಟ್ಟಿ ಹಚ್ಚೇಬಿಟ್ಟಳು. ಅದು ಸೊರ್ ಸೊರ್ ಎಂದು ಬೆಂಕಿಯ ಹನಿ ಉದುರಿಸತೊಡಗಿತು. ಬಾಗಿಲ ಬಳಿ ಹಣೆಯಲ್ಲಿ ಬೂದಿ ಹೊತ್ತು ಕೂತ ನನ್ನ ಕಡೆಗೆ ಖಾಜಾಬಿ ಬಗ್ಗಿ ಊದಿದಳು. ಆ ಉಸಿರಿಗೋ, ಬೀದಿಯ ಗಾಳಿಗೋ, ಒಂದು ಕಿಡಿ ಹಾರಿ ನನ್ನ ಕಾಲ ಬಳಿಯ ಹತ್ತಿ ಚೂರಿಗೆ ಬಿತ್ತು. ಭಗ್ ಎಂದಿತು. ಅವ್ವ ಕೈಯಲ್ಲಿದ್ದ ಹೊಳೆ ನೀರನ್ನೆಲ್ಲ ಅದರ ಮೇಲೂ ನನ್ನ ಮೇಲೂ ಸುರಿದಳು.

ಬೆಂಕಿ ಆರಿತು. ಹಣೆಯ ಬೂದಿ ಕರಗಿ ನನ್ನ ಮೂಗಿನಿಂದ ತೊಟ್ಟಿಕ್ಕುತ್ತಿತ್ತು. ಯಾರೂ ಉಸಿರೆತ್ತಲಿಲ್ಲ.

"ಕುಡ್ಯಾಕ ಒಂದ್ ಹನಿನೂ ಬಿಡಲಿಲ್ಲೇನು? ಮುಂಜಾನಿಂದ ನೀರಡಿಕ್ಯಾಗೈತಿ!"

ಅದು ನನ್ನ ದನಿ ಎಂದು ನನಗೇ ತಡವಾಗಿ ತಿಳಿಯಿತು.

"ಚೂಸ್ತಿವಾ ವದಿನಾ? ದೃಷ್ಟಿ ಅಗ್ಗಿಗೆ ಹೆದರಿ ಓಡಿತು!" ಎಂದಳು ಅತ್ತೆ, ಅವ್ವನ ಕಡೆ ತಿರುಗಿ.

"ನಿನ್ನ ಬೆಂಕಿ ಆರಿದ ಮ್ಯಾಲೆ ಆಕಿ ಬಾಯಿ ಬಿಟ್ಟಾಳ. ನನ್ನ ಹೊಳಿ ನೀರಿಂದ ಆತು" ಎಂದಳು ಅವ್ವ, ಅಳುತ್ತಲೇ.

"ಹಣಿ ಮ್ಯಾಲ ಬೂದಿ ಇತ್ತು. ಮರೀಬ್ಯಾಡ್ರಿ" ಎಂದು ಅಜ್ಜಿ.

ಖಾಜಾಬಿ ಮಾತ್ರ "ಬಚ್ಚಿ ಬೋಲೀ, ಬಸ್. ಕೂಸು ಮಾತಾಡ್ತು, ಸಾಕು. ಮೊದ್ಲು ನೀರು ಕೊಡ್ರಮ್ಮ" ಎಂದು ತಾನೇ ಗಡಿಗೆಯ ಕಡೆ ನಡೆದಳು.

ಇವತ್ತಿಗೂ ನನಗೆ ಬಗೆಹರಿದಿಲ್ಲ. ಒಂದೊಂದು ಕಾಲಕ್ಕೆ ಒಂದೊಂದನ್ನು ನಂಬಿದ್ದೇನೆ. ಬರೀ ನೀರಡಿಕೆಯೇ ಮಾತು ತಂದಿತೆಂದೂ ಅಂದುಕೊಂಡಿದ್ದೇನೆ. ಆ ಎಂಟು ದಿನ ಎಲ್ಲರೂ ಎದುರಿಗೆ ಕೂತು "ಮಾತಾಡವ್ವ, ಮಾತಾಡು" ಎನ್ನುತ್ತಿದ್ದರು. ಬೆಂಕಿ ಆರಿದ ಆ ಗಳಿಗೆಯಲ್ಲಿ ಮಾತ್ರ ಯಾರೂ ಏನೂ ಅನ್ನಲಿಲ್ಲ. ಆ ಬಿಡುವೇ ಫೋನಿನಲ್ಲಿ ಇಲ್ಲದ ಐದನೆಯದೋ ಏನೋ. ಎದೆ ತಟ್ಟಿ ಹೇಳಲಾರೆ.

"ಹಂಗಾದ್ರ ಯಾವ್ದರಿಂದ ಆತು?" ಇದನ್ನೆಲ್ಲ ಹೇಳಿ ಮುಗಿಸಿದಾಗ ಸುಮ ಕೇಳಿದಳು.

"ಗೊತ್ತಿಲ್ಲವ್ವ."

"ನಿನ್ನ ಕೇಳಿದ್ದೇ ತಪ್ಪಾತು!" ಎಂದು ಫೋನನ್ನು ಬೋರಲು ಹಾಕಿ ಒಳಗೆ ಹೋದಳು.

ಬೆಳಿಗ್ಗೆ ಹೊರಡುವಾಗ ದೇವರ ಮುಂದೆ ನಿಂತು ವಿಭೂತಿ ಹಚ್ಚಿಕೊಂಡಳು, ದೀಪದ ಮೇಲೆ ಕೈ ಆಡಿಸಿ ಕಣ್ಣಿಗೊತ್ತಿಕೊಂಡಳು, ಒಂದು ಲೋಟ ನೀರು ಕುಡಿದಳು. ಆಮೇಲೆ ನನ್ನೆದುರು ಬಂದು ಕಣ್ಣು ಮುಚ್ಚಿ ತಲೆ ಬಗ್ಗಿಸಿ, "ಊದು" ಎಂದಳು. ಖಾಜಾಬಿ ಏನು ಓದುತ್ತಿದ್ದಳೆಂದು ನಾನು ಕೇಳಿಕೊಂಡವಳೇ ಅಲ್ಲ. ಸುಮ್ಮನೆ ಊದಿದೆ. 'ಹೆದರಬ್ಯಾಡ, ಜೋರಾಗಿ ಮಾತಾಡು' ಎಂಬುದು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.

ಸಂಜೆ ಚಪ್ಪಲಿ ಬಿಡುವ ಮೊದಲೇ ಹೇಳಿದಳು: "ಕೇಳಿದ್ದಕ್ಕೆಲ್ಲ ಹೇಳಿದೆ, ಅಮ್ಮಮ್ಮಾ. ಒಂದು ಮಾತ್ರ ಬರಲಿಲ್ಲ. ಗೊತ್ತಿಲ್ಲ ಸಾರ್ ಅಂತ ಜೋರಾಗೇ ಅಂದೆ."