ಗಿಟಾರ್ ಮೇಷ್ಟ್ರ ಉಂಗುರದ ಬೆರಳು

ಮೊನ್ನೆ ಮೊಮ್ಮಗಳು ಬಿದ್ದು ಮಂಡಿ ತರಚಿಕೊಂಡು ಬಂದಳು. ಟಿಂಚರ್ ಸೀಸೆಯ ಮುಚ್ಚಳ ತೆಗೆದೆ. ಆ ಘಾಟು ಮೂಗಿಗೆ ಬಡಿದದ್ದೇ ತಡ, ಗಿಟಾರ್ ಮೇಷ್ಟ್ರು ನೆನಪಾದರು.

ಎಪ್ಪತ್ತರ ದಶಕದ ಮಾತು. ನಾನಾಗ ಚಿತ್ರದುರ್ಗದ ಆಸ್ಪತ್ರೆಯೊಂದರಲ್ಲಿ ನರ್ಸು. ಕೆಲಸಕ್ಕೆ ಸೇರಿ ವರ್ಷವಾಗಿತ್ತಷ್ಟೆ. ಅವರು ನಮ್ಮ ಎದುರುಮನೆಯವರು. ಐಮಂಗಲದ ಕಡೆ ಕುರಿ ಸಾಕುವ ಮನೆತನ. ಹರೆಯದಲ್ಲಿ ಬೆಂಗಳೂರಿನ ದಂಡು ಪ್ರದೇಶಕ್ಕೆ ಕೆಲಸಕ್ಕೆ ಹೋಗಿ, ಅಲ್ಲಿ ಬ್ಯಾಂಡಿನವನೊಬ್ಬನಿಂದ ಎಲೆಕ್ಟ್ರಿಕ್ ಗಿಟಾರ್ ಕಲಿತು ಬಂದಿದ್ದರು. ಅವರು ನುಡಿಸಲು ಕೂತರೆ ನಮ್ಮ ಅಡುಗೆಮನೆಯ ಸ್ಟೀಲ್ ಪಾತ್ರೆಗಳು ಜುಂಯ್ ಎನ್ನುತ್ತಿದ್ದವು. ತಂತಿಯನ್ನು ಎಳೆದೆಳೆದು, ಸದ್ದು ಏರಿಸಿ, ಗಿಟಾರನ್ನು ಅರಚಿಸಿಬಿಡುತ್ತಿದ್ದರು. ಬೀದಿಯವರು ಬೈಯುತ್ತಿದ್ದರು. ನನಗೂ ಮೊದಮೊದಲು ತಲೆನೋವೇ... ಆಮೇಲೆ ಯಾವಾಗ ಹಿಡಿಸಿತೋ ತಿಳಿಯದು.

ಇಪ್ಪತ್ತು ವರ್ಷ ಅವರು ಆರ್ಕೆಸ್ಟ್ರಾದಲ್ಲಿ ಗಾಯಕರ ಬೆನ್ನ ಹಿಂದೆ ನಿಂತವರು. ಹಿರಿಯೂರು, ಹೊಳಲ್ಕೆರೆ, ಹೊಸದುರ್ಗ, ಎಲ್ಲಿ ಗಣಪತಿ ಕೂರಿಸಿದರೂ ಅವರಿರಬೇಕು. "ಹಾಡೋರು ಉಸಿರು ತಗಳ್ಳೋ ಹೊತ್ತೈತಲ್ಲ, ಅಷ್ಟೇ ನನ್ ಪಾಲು" ಎನ್ನುತ್ತಿದ್ದರು.

ಅವರ ವಯಸ್ಸು ಐವತ್ತರ ಹತ್ತಿರ ಬಂದಾಗ ಬೆಂಗಳೂರಿನ ರೆಕಾರ್ಡ್ ಕಂಪನಿಯೊಂದರಿಂದ ಕಾಗದ ಬಂತು. ಹಾಡುಗಾರರಿಲ್ಲದ, ಬರೀ ಅವರ ಗಿಟಾರಿನ ಒಂದು ರೆಕಾರ್ಡು. ಎರಡೂ ಮಗ್ಗುಲು ಅವರದೇ. ಕುರಿಗಳನ್ನು ಹಟ್ಟಿಗೆ ಕರೆಯುವ ತಮ್ಮಪ್ಪನ ಕೂಗನ್ನೇ ಹಿಡಿದು ಅವರೊಂದು ವಾದನ ಕಟ್ಟಿದ್ದರು. ಅದನ್ನು ಕೇಳಿದ ದಿನ ಬೈಯುವವರೂ ಬಾಗಿಲಿಗೆ ಬಂದು ನಿಂತಿದ್ದರು.

ಹೊರಡಲು ತಿಂಗಳಿತ್ತು. ಬಾವಿಯಲ್ಲಿ ನೀರು ಸೇದುವಾಗ ಹಗ್ಗ ಜಾರಿ, ಅವರ ಎಡಗೈಯ ಉಂಗುರದ ಬೆರಳು ರಾಟೆಗೆ ಸಿಕ್ಕಿತು. ನಾಲ್ಕು ಹೊಲಿಗೆ ಬಿದ್ದವು. ಮೂಳೆ ಮುರಿದಿಲ್ಲ, ಆದರೆ ಬೆರಳು ಮೊದಲಿನಂತೆ ಬಗ್ಗುವುದು ಅನುಮಾನ ಎಂದು ಡಾಕ್ಟರು ನನ್ನೊಬ್ಬಳಿಗೇ ಹೇಳಿದ್ದರು. ಆ ಬೆರಳಿಲ್ಲದೆ ತಂತಿ ಒತ್ತುವುದು ಹೇಗೆ?

ಟಿಂಚರ್ ಹಚ್ಚಿ ಪಟ್ಟಿ ಬದಲಿಸುತ್ತಿದ್ದಾಗ ಅವರು ಕೇಳಿದರು. "ನರ್ಸಮ್ಮ, ಇದು ಬಗ್ತೈತೇನ್ರಿ? ಇಲ್ಲಾಂದ್ರೆ ಇಲ್ಲ ಅನ್ರಿ. ಬೇರೆಯೋರನ್ನ ನೋಡ್ಕಳ್ರಿ ಅಂತ ಕಂಪನಿಗೆ ಬರೆದುಬಿಡ್ತೀನಿ."

ಬಗ್ಗುತ್ತದೆ, ಬರೆಯಬೇಡಿ ಎಂದುಬಿಟ್ಟೆ. ಯಾಕೆ ಹಾಗೆಂದೆನೋ... ಅವರು ಕೇಳಿದ ಪರಿಗೆ ಇಲ್ಲ ಎನ್ನಲು ಬಾಯಿ ಬರಲಿಲ್ಲ.

ಅಲ್ಲಿಂದ ನನ್ನ ನಿದ್ದೆ ಕೆಟ್ಟಿತು. ಹೊಲಿಗೆ ಬಿಚ್ಚಿದ ಮೇಲೆ ದಿನಾ ಡ್ಯೂಟಿ ಮುಗಿಸಿ ಅವರ ಮನೆಗೆ ಹೋಗಿ, ಬಿಸಿನೀರಿಗೆ ಉಪ್ಪು ಹಾಕಿ ಬೆರಳು ಅದ್ದಿಸಿ, ಮೆಲ್ಲಗೆ ಬಗ್ಗಿಸುತ್ತಿದ್ದೆ. ಅವರು ಹಲ್ಲು ಕಚ್ಚಿ ಕೂರುತ್ತಿದ್ದರು. ಹೊರಡುವ ದಿನ ಬೆರಳು ಮುಕ್ಕಾಲು ಬಗ್ಗುತ್ತಿತ್ತು, ಅಷ್ಟೆ. ತಂತಿ ಒತ್ತಿದರೆ ಜಾರುತ್ತಿತ್ತು. ಆದರೂ ಗಿಟಾರ್ ಹೆಗಲಿಗೆ ಹಾಕಿಕೊಂಡು ಬಸ್ ಹತ್ತಿದರು.

ಐದನೇ ದಿನ ಟೆಲಿಗ್ರಾಂ ಬಂತು. ಅವರ ಹೆಂಡತಿ ಅದನ್ನು ಒಡೆಯದೆ ಕೈಯಲ್ಲಿ ಹಿಡಿದು ನಮ್ಮ ಮನೆಗೆ ಬಂದರು. "ನೀನೇ ಓದವ್ವ, ನನ್ ಕೈಲಾಗಲ್ಲ" ಎಂದು ಹೊಸ್ತಿಲ ಮೇಲೆ ಕೂತರು. ನಾನು ನಿಂತೇ ಒಡೆದೆ. ಇಂಗ್ಲಿಷಿನಲ್ಲಿ ನಾಲ್ಕೇ ಪದ: ಬೆರಳು ಸರಿಯಿದೆ, ರೆಕಾರ್ಡಿಂಗ್ ಮುಗಿಯಿತು. ಓದಿ ಹೇಳಿದೆ. ಆಕೆ ಸೆರಗಿನಿಂದ ಮುಖ ಒರೆಸಿಕೊಂಡು ನಕ್ಕರು. ನಾನು ಮಾತ್ರ ಹಿತ್ತಿಲಿಗೆ ಹೋಗಿ ಚೆನ್ನಾಗಿ ಅತ್ತುಬಿಟ್ಟೆ.

ರೆಕಾರ್ಡು ಬಂದಾಗ ಬೀದಿಯವರೆಲ್ಲ ರೇಡಿಯೊ ಅಂಗಡಿಯ ಮುಂದೆ ಸೇರಿ ಕೇಳಿದೆವು. ಕುರಿ ಕರೆಯುವ ಆ ವಾದನದಲ್ಲಿ ಒಂದು ಕಡೆ ಸ್ವರ ತುಸು ಜಾರಿ, ಮತ್ತೆ ಏರಿ ನಿಲ್ಲುತ್ತದೆ. ಬೆರಳು ಜಾರಿದ್ದೇ ಹಾಗೆ ಉಳಿಯಿತಂತೆ. ಸ್ಟುಡಿಯೋದವರು ಮೆಚ್ಚಿ ಅದನ್ನೇ ಇಟ್ಟುಕೊಂಡರಂತೆ.

ಅವತ್ತು ಧೈರ್ಯ ಮಾಡಿ ಮೇಷ್ಟ್ರ ಮುಂದೆ, ಬೆರಳು ಬಗ್ಗುತ್ತದೋ ಇಲ್ಲವೋ ನನಗೂ ಗೊತ್ತಿರಲಿಲ್ಲ ಎಂದು ಒಪ್ಪಿಕೊಂಡೆ.

"ನಂಗೊತ್ತಿತ್ತು ಬಿಡ್ರಿ. ಹೇಳೋವಾಗ ನೀವು ಪಟ್ಟಿ ನೋಡ್ತಿದ್ರಿ, ನನ್ ಮುಖ ನೋಡ್ಲಿಲ್ಲ" ಎಂದರು. ಆ ಬೆರಳನ್ನೊಮ್ಮೆ ಬಗ್ಗಿಸಿ ತೋರಿಸಿ, "ಒಬ್ಬರಾದ್ರೂ ಆಗ್ತೈತೆ ಅಂದ್ರಲ್ಲ, ಅದಕ್ಕೇ ಹೋದೆ" ಎಂದರು.

ಮತ್ತೆ ಅವರಿಗೆ ಇನ್ನೊಂದು ರೆಕಾರ್ಡು ಮಾಡುವ ಯೋಗ ಬರಲಿಲ್ಲ. ಅದರ ಕೊರಗೂ ಅವರಿಗಿರಲಿಲ್ಲ. ಅವರು ತೀರಿಕೊಂಡಾಗ ನಾನು ವರ್ಗವಾಗಿ ಹೊಸದುರ್ಗದಲ್ಲಿದ್ದೆ. ಸುದ್ದಿ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವರ ಹೆಂಡತಿಯೂ ಹೋಗಿ ಬಹಳ ವರ್ಷವಾಯಿತು. ಆ ರೆಕಾರ್ಡು ಯಾರ ಮನೆಯ ಅಟ್ಟದಲ್ಲಿದೆಯೋ... ನಾನೊಂದು ಪ್ರತಿ ಇಟ್ಟುಕೊಳ್ಳಬೇಕಿತ್ತು. ಇಟ್ಟುಕೊಳ್ಳಲಿಲ್ಲ. ಅದನ್ನು ಬಲ್ಲವರು ಈಗ ಆ ಬೀದಿಯಲ್ಲಿ ಯಾರೂ ಉಳಿದಿಲ್ಲ.